ಹೊತ್ತು ಮುಳುಗಿದ ಮೇಲಿನ ಚಹಾ

ಮಿರಜದ ಪೇಟೆಯಲ್ಲಿ ಗುರುಸಿದ್ಧಪ್ಪನ ಅಂಗಡಿಗೆ ಎರಡು ಬಾಗಿಲು. ಎಡಗಡೆಯದನ್ನು ಹೊಕ್ಕರೆ ಅವನ ತಮ್ಮ ಬಾಳಪ್ಪನ ಅರಿಶಿನದ ವ್ಯಾಪಾರ. ಬಲಗಡೆಯದನ್ನು ಹೊಕ್ಕರೆ ಕಟ್ಟಿಗೆಯ ಮೆಟ್ಟಿಲು. ಹತ್ತಿ ಹೋದರೆ ಮಹಡಿಯ ಮೇಲೆ ಗುರುಸಿದ್ಧಪ್ಪನ ಚಹಾದ ಕೋಣೆ. ಅರಿಶಿನ ಅಜ್ಜನ ಕಾಲದಿಂದ ಬಂದದ್ದು, ಮನೆ ನಡೆಯುವುದು ಅದರ ಮೇಲೆ. ಚಹಾ ಮಾತ್ರ ಗುರುಸಿದ್ಧಪ್ಪ ತಾನಾಗಿ ತಲೆಗೆ ಹಚ್ಚಿಕೊಂಡದ್ದು. ಹರೆಯದಲ್ಲಿ ಅರಿಶಿನದ ಚೀಲಗಳ ಬೆನ್ನು ಹತ್ತಿ ಮುಂಬಯಿಗೆ ಹೋದವನು ಅಲ್ಲೊಬ್ಬ ಚೀನೀ ವ್ಯಾಪಾರಿಯ ಮಳಿಗೆಯಲ್ಲಿ ಹಾಲಿಲ್ಲದ, ಬೆಲ್ಲವಿಲ್ಲದ ಒಂದು ಬಟ್ಟಲು ಚಹಾ ಕುಡಿದು, ಊಟ ಮರೆತು ಸಂಜೆಯವರೆಗೆ ಅಲ್ಲೇ ಕುಳಿತಿದ್ದನಂತೆ. ತಿರುಗಿ ಬರುವಾಗ ಕಂಕುಳಲ್ಲಿ ಒಂದು ಡಬ್ಬಿ. "ಅರಿಷಿಣಾ ಮಾರಿ ಹುಲ್ಲು ತಂದಾನ" ಎಂದು ಅವನ ಅಪ್ಪ ಪೇಟೆಯ ತುಂಬ ಹೇಳಿಕೊಂಡು ನಕ್ಕಿದ್ದ.

ಈಗ ಆ ಹುಲ್ಲಿಗೆ ಹೆಸರು ಬಂದಿತ್ತು. ಆಸ್ಪತ್ರೆಯ ಡಾಕ್ಟರರು ಬರುತ್ತಿದ್ದರು, ಸಿತಾರ ಮಾಡುವ ಉಸ್ತಾದರು ಬರುತ್ತಿದ್ದರು, ರೈಲಿನ ಗಾರ್ಡುಗಳು ಗಾಡಿ ನಿಂತಷ್ಟು ಹೊತ್ತಿನಲ್ಲಿ ಓಡಿ ಬಂದು ಹೋಗುತ್ತಿದ್ದರು. ಗುರುಸಿದ್ಧಪ್ಪ ಯಾರಿಗೂ ಸುಮ್ಮನೆ ತೂಗಿ ಕಟ್ಟಿಕೊಟ್ಟವನಲ್ಲ. ಕೂಡಿಸಿ, ಕುಡಿಸಿ, ಆಮೇಲೆ ಕಟ್ಟುವುದು. ಬಿಳಿ ಬಟ್ಟಲಿನ ತಳಕ್ಕೆ ಒಂದು ಚಿಟಿಕೆ ಎಲೆ, ಮೇಲೆ ಆಗಷ್ಟೇ ಮರಳಿದ ನೀರು, ಅದರ ಮೇಲೊಂದು ಮುಚ್ಚಳ. ಮುಚ್ಚಳ ತೆಗೆದ ಕೂಡಲೆ ಅದರ ಒಳಮೈ ಮೂಸಬೇಕು, ಆಮೇಲೆ ಎಲೆ ಮೂಸಬೇಕು, ಕೊನೆಗೆ ಸೊರ್ರೆಂದು ಸದ್ದು ಮಾಡಿ ನೀರನ್ನು ಎಳೆದುಕೊಳ್ಳಬೇಕು. ಅಸ್ಸಾಮಿನದರಲ್ಲಿ ಹುರಿದ ಜೋಳದ ವಾಸನೆ. ಸಿಲೋನಿನದಕ್ಕೆ ಬೆಳಗಿದ ತಾಮ್ರದ ಬಣ್ಣ. ನೀಲಗಿರಿಯದು ತಿಳಿ, ಕಿತ್ತಳೆ ಸಿಪ್ಪೆಯನ್ನು ಉಗುರಿನಿಂದ ಚಿವುಟಿದ ಹಾಗೆ. ಚೀನದ್ದೊಂದು ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು; ಬಾಳಪ್ಪ ಅದಕ್ಕೆ "ಸುಟ್ಟ ಗುಡಸಲಾ" ಎಂದು ಹೆಸರಿಟ್ಟಿದ್ದ. ಚೀನದ್ದೇ ಇನ್ನೊಂದು ಮಲ್ಲಿಗೆ ಮೊಗ್ಗಿನ ಜೊತೆ ಮಲಗಿಸಿ ಇಟ್ಟದ್ದು. "ಚಾ ಹೆಂಗಪಾ ಅಂದ್ರ" ಎಂದು ಗುರುಸಿದ್ಧಪ್ಪ ಹೇಳುತ್ತಿದ್ದ, "ಮಗ್ಗಲದಾಗ ಯಾರ ಮಲಗ್ಯಾರ ಅವರ ಗುಣಾ ತಗೋತೈತಿ."

ಈ ಮಾತುಗಳನ್ನೆಲ್ಲ ಸರು ಕೋಣೆಯ ಮೂಲೆಯ ಪರದೆಯ ಹಿಂದಿನಿಂದ ಕೇಳಿ ಬೆಳೆದಳು. ಸರು ಗುರುಸಿದ್ಧಪ್ಪನ ಒಬ್ಬಳೇ ಮಗಳು. ಅವ್ವ ತೀರಿಕೊಂಡ ವರ್ಷ ಸಾಲೆ ಬಿಟ್ಟವಳು, ಅಂದಿನಿಂದ ಕೆಂಡದ ಶೇಗಡಿಯ ಮುಂದೆ ಕುಳಿತು ನೀರು ಕಾಯಿಸುವುದು ಅವಳ ಕೆಲಸ. ಮಾತು ಕಡಿಮೆ. ಯಾರೇ ಬಂದರೂ ಪರದೆಯ ಕೆಳಗೆ ಕಾಣುವ ಪಾದಗಳನ್ನು ನೋಡಿಯೇ ಗುರುತು ಹಿಡಿಯುತ್ತಿದ್ದಳೇ ಹೊರತು ಮುಖ ತೋರಿಸುತ್ತಿರಲಿಲ್ಲ. ಗಿರಾಕಿಗಳು ಹೋದ ಮೇಲೆ ಅಪ್ಪ ಅವಳಿಗೂ ಒಂದು ಬಟ್ಟಲು ಮಾಡಿ, "ಏನ ಕಾಣತೈತಿ ಹೇಳು" ಎನ್ನುತ್ತಿದ್ದ. ಊರಿನಲ್ಲಿ ಅವಳು ಮನಸ್ಸು ಬಿಚ್ಚಿ ಮಾತಾಡುವ ಹೊತ್ತು ಅದೊಂದೇ.

ಹೋದ ಮಳೆಗಾಲದ ಜ್ವರ ಗುರುಸಿದ್ಧಪ್ಪನ ಮೈ ಬಿಟ್ಟಿತು, ಹೋಗುವಾಗ ಮೂಗನ್ನು ಒಯ್ದಿತು.

ಸರುಗೆ ಅದು ಗೊತ್ತಾದದ್ದು ಹಾಲಿನಿಂದ. ಅಪ್ಪ ಶೇಗಡಿಯ ಪಕ್ಕದಲ್ಲೇ ಕುಳಿತು ವಿಭೂತಿ ಹಚ್ಚಿಕೊಳ್ಳುತ್ತಿದ್ದ; ಹಾಲು ತಳ ಹತ್ತಿ, ಸೀದು, ಮನೆಯೆಲ್ಲ ಕಮಟು. ಹಿತ್ತಿಲಿನಿಂದ ಅವಳು ಓಡಿ ಬಂದರೆ ಅಪ್ಪ ತಲೆ ಎತ್ತಿ, "ಯಾಕ, ಏನಾತು?" ಎಂದು ಕೇಳಿದ. ಅವಳು ಪಾತ್ರೆ ಇಳಿಸಿದಳು. ಅವನು ಪಾತ್ರೆ ನೋಡಿದ, ಅವಳ ಮುಖ ನೋಡಿದ. ಮುಂದೆ ಆ ಮಾತು ಬರಲೇ ಇಲ್ಲ. ಆದರೆ ಅಂದಿನಿಂದ ಅವಳು ಡಬ್ಬಿ ಕೊಡುವಾಗ ತನಗೆ ತಾನೇ ಅಂದುಕೊಂಡವಳಂತೆ, "ಈ ಸಲದ್ದು ಹೂವಿನ ವಾಸನಿ ಜಾಸ್ತಿ ಬಿಡಾಕತ್ತೇತಿ" ಎಂದೋ "ಇದು ಮುಗ್ಗಿಧಂಗ ಐತಿ" ಎಂದೋ ಗೊಣಗತೊಡಗಿದಳು. ಅವನು ಕೇಳಿಸದವನಂತೆ ಕೇಳಿಸಿಕೊಂಡು ಹೊರಗೆ ಹೋಗಿ ಅದನ್ನೇ ತನ್ನ ಮಾತಾಗಿ ಹೇಳುತ್ತಿದ್ದ. ಉಳಿದದ್ದಕ್ಕೆ ಕಣ್ಣಿತ್ತು. ಎಲೆಯ ಸುರುಳಿ, ನೀರಿನ ಬಣ್ಣ ಅವನಿಗೆ ಇನ್ನೂ ಮಾತಾಡುತ್ತಿದ್ದವು. ಕಹಿ, ಒಗರು ನಾಲಿಗೆಗೆ ಹತ್ತುತ್ತಿದ್ದವು. ಪರಿಮಳ ಬಂದಾಗ ಮಾತ್ರ ಗಿರಾಕಿಗೆ ಮೊದಲು ಕುಡಿಸಿ, ಅವರ ಮುಖ ಓದಿ, ಆಮೇಲೆ ಬಾಯಿ ತೆರೆಯುತ್ತಿದ್ದ.

ಗುಟ್ಟು ಇಷ್ಟು ಬಿಗಿಯಾಗಿ ಇಡಲು ಕಾರಣವಿತ್ತು. ಬಾಳಪ್ಪನಿಗೆ ಅರಿಶಿನ ಇಡಲು ಜಾಗ ಸಾಲುತ್ತಿರಲಿಲ್ಲ. ಜ್ವರಕ್ಕೂ ಮುಂಚೆ, ಹೋದ ಯುಗಾದಿಗೆ ಬಂಧುಗಳೆಲ್ಲ ಕುಳಿತಾಗ ಅವನು ನಗುತ್ತಲೇ ಅಂದಿದ್ದ: "ಅಣ್ಣಾ, ನಿಮ್ಮ ಮೂಗು ನಾಲಿಗಿ ನಡಿಯೂ ತನಕ ಚಾ ನಡೀಲಿ. ಅವು ನಿಂತ ದಿನಾ ಈ ಮ್ಯಾಲಿನ ಮಾಡಿ ನನಗ." ಗುರುಸಿದ್ಧಪ್ಪ ಆಗ ಜೋರಾಗಿ, "ಹೂಂ, ಬರೋಬರಿ" ಎಂದಿದ್ದ. ಎಲ್ಲರೂ ಕೇಳಿದ ಮಾತು. ಚಹಾ ನಿಂತರೆ ಅಪ್ಪ ಅರಿಶಿನದ ಚೀಲಗಳ ನಡುವೆ ತಮ್ಮನ ಕೈಕೆಳಗೆ ಕೂಡಬೇಕು. ಸರುಗೆ ಅದಕ್ಕಿಂತ ಕೆಟ್ಟದ್ದು ಯಾವುದೂ ಕಾಣುತ್ತಿರಲಿಲ್ಲ. ಶೇಗಡಿ, ಬಟ್ಟಲು, ಅಪ್ಪನ ಮಾತು ಇವನ್ನು ಬಿಟ್ಟರೆ ಅವಳಿಗೂ ಬೇರೆ ಏನಿತ್ತು?

ಹೀಗಿರುವಾಗ ಸಾಂಗ್ಲಿ ದರಬಾರಿನಿಂದ ಹೇಳಿಕೆ ಬಂತು. ಅರಮನೆಯಲ್ಲಿ ಲಗ್ನ. ಅತಿಥಿಗೃಹದ ಕಾರಭಾರಿ ಬಾಪೂಸಾಹೇಬರು ತಾವೇ ಮಿರಜಕ್ಕೆ ಬಂದು, ಕುಡಿದು ನೋಡಿ ಮೂರು ಚಹಾ ಆರಿಸುವವರಿದ್ದರು. ಒಂದು ಬೆಳಿಗ್ಗೆ ಎಲ್ಲರಿಗೂ, ಒಂದು ಮಧ್ಯಾಹ್ನ ಇಂಗ್ರೇಜಿ ಸಾಹೇಬರ ಪಂಕ್ತಿಗೆ, ಒಂದು ಅರಸರು ಬೀಗರ ಜೊತೆ ಕೂಡುವ ಹೊತ್ತಿಗೆ. ಬಂದ ದಿನವೇ ಆರಿಸಿ, ಪೆಟ್ಟಿಗೆಗಳಿಗೆ ಮುದ್ರೆ ಹಾಕಿ, ಸಂಜೆಯ ಗಾಡಿಗೆ ಜೊತೆಗೇ ಒಯ್ಯುವುದು. ಮರುದಿನ ಬೆಳಿಗ್ಗೆಯಿಂದ ಬೀಗರು ಇಳಿಯತೊಡಗುತ್ತಾರೆ.

ಆ ಸುದ್ದಿ ಬಂದಾಗ ಸರು ಹರಿಪುರದಲ್ಲಿ ಅವ್ವನ ತಂಗಿ ಮಾವಶಿಯ ಮನೆಯಲ್ಲಿದ್ದಳು. ಕಾರಭಾರಿಗಳು ಬರುವ ದಿನ ಬೆಳಿಗ್ಗೆ ತಿರುಗಿ ಬಂದು ನೋಡಿದರೆ ಚಹಾದ ಕೋಣೆಗೆ ಸುಣ್ಣ ಹೊಡೆಸಿ, ಜಮಖಾನೆ ಹಾಸಿ, ಪೆಟ್ಟಿಗೆ ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಿ ಇಡಲಾಗಿತ್ತು. ಹಸಿ ಸುಣ್ಣದ ವಾಸನೆ, ಕೆಳಗಿನಿಂದ ಯಾವಾಗಲೂ ಏರಿ ಬರುವ ಅರಿಶಿನದ ವಾಸನೆ. ಅವಳು ಕಿಟಕಿ ತೆರೆದಿಟ್ಟಳು.

"ಹೆಂಗ ಕಾಣತೈತಿ?" ಅಪ್ಪ ಕೇಳಿದ.

"ಛಲೋ ಕಾಣತೈತ್ರಿ."

"ಬಾಪೂಸಾಹೇಬ್ರು ಜೈನರು. ನೀರ ಸೋಸಿ ಕಾಸು, ಹೊಸಾ ಅರಿವಿ ತಗೋ. ಮೊದಲ ಅವರಿಗೆ ಬಟ್ಟಲಾ ಕೊಡೂದು. ತಿಳೀತಿಲ್ಲ? ಮೊದಲ ಅವರಿಗೆ."

ಅವಳಿಗೆ ತಿಳಿಯಿತು. ಅವರು ಕುಡಿದರೆ ಅಪ್ಪ ಅವರ ಮುಖ ಓದುತ್ತಾನೆ. ಎಲ್ಲವೂ ಅದರ ಮೇಲೆ ನಿಂತಿತ್ತು.

ಮಧ್ಯಾಹ್ನವೇ ಬರಬೇಕಾದವರು ಬರಲಿಲ್ಲ. ನೀರು ಕಾಯ್ದು ಆರಿತು, ಮತ್ತೆ ಕಾಯಿಸಿದಳು. ಬಾಳಪ್ಪ ಕಾಕಾ ಹೊಸ ರುಮಾಲು ಸುತ್ತಿಕೊಂಡು ಮೇಲೆ ಬಂದು ಗೋಡೆಗೆ ಒರಗಿ ಕುಳಿತ. ಬಿಸಿಲು ಜಮಖಾನೆಯಿಂದ ಗೋಡೆಗೆ ಏರಿತು. ಸರು ಪರದೆಯ ಸಂದಿನಿಂದ ಕಿಟಕಿಯನ್ನೇ ನೋಡುತ್ತಿದ್ದಳು. ದರ್ಗಾದ ಗುಮ್ಮಟದ ಮೇಲೆ ಬಿಸಿಲು ಇನ್ನೂ ಇತ್ತು, ಆದರೆ ಹಳದಿಯಾಗಿತ್ತು.

"ಕಾರಭಾರಿಗಳು ಬರೂದ್ರಾಗ ಲಗ್ನಾ ಮುಗ್ದು ಬಾಣಂತನಾ ಬರ್ತೈತಿ" ಎಂದ ಬಾಳಪ್ಪ. ಯಾರೂ ನಗಲಿಲ್ಲ.

ಟಾಂಗಾದ ಸದ್ದು ಕೇಳಿದಾಗ ಗುಮ್ಮಟದ ತುದಿಯಲ್ಲಷ್ಟೇ ಬೆಳಕಿತ್ತು. ಬಾಪೂಸಾಹೇಬರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಎತ್ತರದ ಆಳು, ಕೊರಳವರೆಗೆ ಗುಂಡಿ ಹಾಕಿದ ಕೋಟು, ಬೆವೆತ ಮುಖ. "ಮಾಫ ಮಾಡ್ರಿ ಗುರುಸಿದ್ಧಪ್ಪಾ, ಭಾಳ ಉಶೀರ ಆತು. ಮಂಟಪದವರು ಬಿಡಲೇ ಇಲ್ಲ" ಎಂದು ಕುಳಿತುಕೊಳ್ಳುತ್ತಲೇ ಕಿಟಕಿಯ ಕಡೆ ನೋಡಿದರು. ಸರು ಬಟ್ಟಲಿಗೆ ನೀರು ಹಾಕಿದಳು. ಅವಸರದಲ್ಲಿ ಬಟ್ಟಲಿನ ಕೆಳಗಿನ ಬಶಿಗೆ ನೀರು ಚೆಲ್ಲಿತು. ಅಪ್ಪ ಮುಚ್ಚಳವಿಟ್ಟು ಬಟ್ಟಲನ್ನು ಅವರ ಮುಂದೆ ಸರಿಸಿದ.

ಬಾಪೂಸಾಹೇಬರು ಅದನ್ನು ಮುಟ್ಟಲಿಲ್ಲ. ಹೊರಗೆ ಗುಮ್ಮಟ ಬೂದಿ ಬಣ್ಣಕ್ಕೆ ತಿರುಗಿತ್ತು.

"ನಂದ ಮುಗೀತ್ರಿ" ಎಂದರು. "ಹೊತ್ತ ಮುಳುಗಿತು. ಇನ್ನ ಬಾಯಾಗ ಏನೂ ಹಾಕಂಗಿಲ್ಲ."

"ಚಾ ಅಂದ್ರ ನೀರಲ್ರೀ ಸಾಹೇಬ್ರ" ಎಂದ ಬಾಳಪ್ಪ.

"ನೀರೂ ಇಲ್ಲ."

ಗುರುಸಿದ್ಧಪ್ಪ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. "ಕುಡೀಬ್ಯಾಡ್ರಿ. ಮೂಸಿ ಆದ್ರೂ ನೋಡ್ರಿ. ಮೂಗಿಗೇನ ನೇಮ ಇಲ್ಲಲ್ರೀ."

ಬಾಪೂಸಾಹೇಬರು ನಕ್ಕು ಕಿಟಕಿಯ ಹತ್ತಿರ ಸರಿದು ಕುಳಿತರು. "ನಮ್ಮ ಆಯಿ ಅಂತಿದ್ಲು, ಬಾಯಿಲೆ ಉಂಡಾವಗಿಂತ ಮೂಗಿಲೆ ಉಂಡಾವ ದೊಡ್ಡ ಕಳ್ಳ ಅಂತ. ಅಸೂ ದ್ಯಾ, ಇರಲಿ. ಮಿರಜ, ಸಾಂಗ್ಲಿ ಎರಡೂ ಸಂಸ್ಥಾನದಾಗ ಚಾದ ವಿಷಯಕ್ಕ ನಿಮ್ಮ ಮಾತ ಕಡೀ ಮಾತು. ನೀವು ಕುಡ್ದು ಹೇಳ್ರಿ, ನಾ ಮುದ್ರಿ ಹಾಕಿ ಒಯ್ತೇನಿ. ಗಾಡಿಗೆ ಇನ್ನೂ ಹೊತ್ತೈತಿ."

"ಅದ ಛಲೋ ಆತು" ಎಂದ ಬಾಳಪ್ಪ, ಅಣ್ಣನನ್ನೇ ನೋಡುತ್ತ. "ಅಣ್ಣನ ನಾಲಿಗಿ ಅಂದ್ರ ಸರಕಾರದ ಸಿಕ್ಕಾ ಇದ್ಧಂಗ. ಹೂಂ, ಕುಡೀರಿ ಅಣ್ಣಾ."

ಕಾಕಾನಿಗೆ ಸಂಶಯವಿದೆ ಎಂದು ಸರುಗೆ ಅನಿಸಿತು. ಇದ್ದರೂ ಇರಬಹುದು. ಅವನ ಕಣ್ಣು ನಗುತ್ತಿರಲಿಲ್ಲ.

ಮೊದಲನೆಯದು ಅಸ್ಸಾಮಿನದು. ಅಪ್ಪ ಎಲೆಯನ್ನು ಅಂಗೈ ಮೇಲೆ ಹರವಿ ದೀಪಕ್ಕೆ ಹಿಡಿದ. "ನೋಡ್ರಿ, ತುದಿಗೆ ಹೊನ್ನಿನ ಬಣ್ಣಾ. ಎಳೀ ಕುಡಿ ಇದ್ರಷ್ಟ ಹಿಂಗ ಆಗತೈತಿ." ಸೊರ್ರೆಂದು ಎಳೆದುಕೊಂಡ. "ಹಾಲು ಹಾಕ್ರಿ, ಸಕ್ಕರಿ ಹಾಕ್ರಿ, ಸೋಲಂಗಿಲ್ಲ. ಬೆಳಿಗ್ಗೆ ಮಂದಿನ್ನ ಎಬ್ಬಸಾಕ ಇದ ಬೇಕು." ಸರು ಪರದೆಯ ಹಿಂದೆ ಅದೇ ಎಲೆಯ ಇನ್ನೊಂದು ಬಟ್ಟಲನ್ನು ಮೂಸಿದಳು. ಸರಿಯಾಗಿತ್ತು. ಎರಡನೆಯದು ನೀಲಗಿರಿ. ಅಪ್ಪ ಕಿತ್ತಳೆ ಸಿಪ್ಪೆಯ ಮಾತು ಹೇಳಿದ, ಹಾಲಿಲ್ಲದೆ ಸಾಹೇಬರಿಗೆ ಕೊಡಿರಿ ಎಂದ. ಅವನು ಹೇಳಿದಷ್ಟು ಪರಿಮಳ ಬಟ್ಟಲಲ್ಲಿ ಇರಲಿಲ್ಲ, ಇದ್ದದ್ದು ಶುದ್ಧವಾಗಿತ್ತು. ಇನ್ನೊಂದು ದಾಟಿದರೆ ಆಯಿತು. ಮೂರನೆಯದರ ಬಗ್ಗೆ ಅವಳಿಗೆ ಭಯವಿರಲಿಲ್ಲ. ಅದು ದಾರ್ಜಿಲಿಂಗಿನ ಪೆಟ್ಟಿಗೆ, ಅಪ್ಪ ಮಗುವಿನಂತೆ ಕಾಪಾಡಿದ್ದು. ಹರಿಪುರಕ್ಕೆ ಹೋಗುವ ಮುಂಚೆ ಅವಳೇ ಅದರ ಒಳಗಿನ, ಗಾಳಿ ಹೊಗದ ಸೀಸದ ಹಾಳೆ ಕತ್ತರಿಸಿ ಮೊದಲ ಬಟ್ಟಲು ಮಾಡಿದ್ದಳು.

ಅವಳು ಎಲೆಯ ಮೇಲೆ ನೀರು ಹಾಕಿದಳು. ಹಬೆ ಮುಖಕ್ಕೆ ಬಂತು.

ಅರಿಶಿನ.

ಅವಳು ಕೆಟ್ಲಿಯನ್ನು ಕೆಳಗಿಟ್ಟಳು. ಕೈ ಮೂಸಿಕೊಂಡಳು, ಅರಿವೆ ಮೂಸಿದಳು, ನೀರಿನ ಪಾತ್ರೆ ಮೂಸಿದಳು. ಅವು ಯಾವುದೂ ಅಲ್ಲ. ಮತ್ತೆ ಬಟ್ಟಲಿನ ಮೇಲೆ ಬಾಗಿದಳು. ಬೆಟ್ಟದ ಮಂಜಿನಂಥ ಆ ಪರಿಮಳ ಎಲ್ಲೋ ಅಡಿಯಲ್ಲಿ ಉಸಿರುಗಟ್ಟಿ ಬಿದ್ದಿತ್ತು. ಅದರ ಮೇಲೆ ಹಸಿ ಅರಿಶಿನದ ಕೊಂಬನ್ನು ತೇಯ್ದ ಮಣ್ಣುಮಣ್ಣು ವಾಸನೆ. ಸಾಲಿನ ಕೊನೆಯಲ್ಲಿದ್ದ ಪೆಟ್ಟಿಗೆಯನ್ನು ಪರದೆಯ ಸಂದಿನಿಂದ ನೋಡಿದಳು. ತಳದ ಸಂದುಗಳಲ್ಲಿ ಗೀಟು ಎಳೆದ ಹಾಗೆ ಹಳದಿ ಪುಡಿ ಕೂತಿತ್ತು. ಆಗ ಅರ್ಥವಾಯಿತು. ಸುಣ್ಣ ಹೊಡೆಯುವಾಗ ಪೆಟ್ಟಿಗೆಗಳನ್ನು ಎಲ್ಲಿ ಇಟ್ಟಿರುತ್ತಾರೆ? ಕೆಳಗೆ, ಅರಿಶಿನದ ಕೋಣೆಯಲ್ಲಿ. ಉಳಿದವು ಬಿಗಿ ಮುಚ್ಚಳದ ಡಬ್ಬಿಗಳು, ಸೀಸದ ಹಾಳೆ ಒಡೆಯದ ಪೆಟ್ಟಿಗೆಗಳು; ಬದುಕಿಕೊಂಡವು. ಇದರ ಹಾಳೆ ಕತ್ತರಿಸಿತ್ತು. ಚಹಾದ ಪಕ್ಕದಲ್ಲಿ ಮೆಣಸಿನಕಾಯಿಯ ಪೊಟ್ಟಣ ಇಟ್ಟರೂ ಕೈಯೆತ್ತಿ ಬೈಯುತ್ತಿದ್ದ ಅಪ್ಪ, ತಾನೇ ನಿಂತು ಕೆಳಗೆ ಇಡಿಸಿದ್ದ. ಅವನಿಗೆ ವಾಸನೆ ಬರುವುದು ನಿಂತಿದ್ದಷ್ಟೇ ಅಲ್ಲ, ಜಗತ್ತಿನಲ್ಲಿ ವಾಸನೆ ಎಂಬುದೊಂದು ಇದೆ ಎನ್ನುವುದೇ ಮರೆತುಹೋಗಿತ್ತು.

"ಸರೂ, ಬಟ್ಟಲಾ ತಾ."

ಅವಳು ಪರದೆಯ ಸಂದಿನಿಂದ ಕೊಟ್ಟಳು. ಕೊಡುವಾಗ, ಬಿಡದೆ ಹಿಡಿದು, "ಅಪ್ಪಾ, ಸ್ವಲ್ಪ ಒಳಗ ಬರ್ರಿ" ಎಂದಳು.

"ಮಂದಿ ಕುಂತಾಗ ಅಪ್ಪ ಮಗಳದು ಏನ ಗುಟ್ಟವಾ?" ಎಂದ ಬಾಳಪ್ಪ.

ಅಪ್ಪ ಬಟ್ಟಲನ್ನು ಅವಳ ಕೈಯಿಂದ ಬಿಡಿಸಿಕೊಂಡ. ಎರಡು ಸರಿಯಾಗಿ ದಾಟಿದ ಹುರುಪು ಅವನ ಮುಖದಲ್ಲಿತ್ತು. "ಆಮ್ಯಾಲ" ಎಂದ.

ಅವನು ನೀರಿನ ಬಣ್ಣ ನೋಡಿದ, ಒಂದು ಗುಟುಕು ಎಳೆದುಕೊಂಡು ಕಣ್ಣು ಮುಚ್ಚಿದ. ಆಮೇಲೆ ಹೇಳತೊಡಗಿದ. ಹಿಮದ ಗುಡ್ಡದ ಮಗ್ಗುಲಲ್ಲಿ, ಚಳಿಗಾಲವೆಲ್ಲ ಮಲಗಿದ್ದ ಗಿಡ ಮೊದಲ ಸಲ ಕಣ್ಣು ಬಿಟ್ಟಾಗ ಚಿವುಟಿದ ಎಲೆ ಇದು ಎಂದ. ಕಳಿತ ದ್ರಾಕ್ಷಿಯನ್ನು ಹಲ್ಲಿನಿಂದ ಒಡೆದಾಗ ಸಿಪ್ಪೆಯ ಒಳಗಿನಿಂದ ಬರುವ ವಾಸನೆಯಂಥದು, ಮೊದಲು ಮೂಗಿಗೆ, ಆಮೇಲೆ ಗಂಟಲ ಹಿಂದೆ, ನುಂಗಿ ಎಷ್ಟೋ ಹೊತ್ತಾದ ಮೇಲೆ ಮತ್ತೆ ಒಮ್ಮೆ ಎಂದ. ಇದಕ್ಕೆ ಏನನ್ನೂ ಬೆರೆಸಬಾರದು, ಮಾತನ್ನೂ ಬೆರೆಸಬಾರದು, ಕುಡಿಯುವಷ್ಟು ಹೊತ್ತು ಸುಮ್ಮನಿರಬೇಕು ಎಂದ. ಬಾಪೂಸಾಹೇಬರು ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದರು. ಅಪ್ಪ ಹೇಳಿದ್ದು ಒಂದೂ ಸುಳ್ಳಲ್ಲ ಎಂದು ಸರುಗೆ ಗೊತ್ತಿತ್ತು. ಆ ಚಹಾ ಹಾಗೆಯೇ ಇತ್ತು, ಇಲ್ಲಿ ಸುಣ್ಣ ಹೊಡೆಯುವವರೆಗೆ.

"ನನಗೂ ಒಂದ ಗುಟಕಾ ಕೊಡ್ರಿ, ಸ್ವರ್ಗಾ ನೋಡೂನು" ಎಂದು ಬಾಳಪ್ಪ ಕೈ ಚಾಚಿದ.

ಕಾಕಾ ಬೇರೊಂದು ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದ, ಬಾಯಿ ಚಪ್ಪರಿಸಿದ. "ಬಿಸಿನೀರ ಅನಸ್ತೈತ್ರಿ ನನಗ. ನಮ್ಮಂಥಾವ್ರಿಗಲ್ಲ ಇದು."

ಹುಟ್ಟಿದಂದಿನಿಂದ ಅರಿಶಿನ ಮೂಸಿದ ಮೂಗು ಅದು. ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಅರಮನೆಯಲ್ಲಿ ಗೊತ್ತಾಗುತ್ತದೆ, ಅರಸರ ಬಟ್ಟಲಲ್ಲಿ, ಬೀಗರ ಮುಂದೆ.

"ಆತು, ಮೂರೂ ಠರಲ, ಪಕ್ಕಾ" ಎಂದು ಬಾಪೂಸಾಹೇಬರು ಕೆಳಗೆ ಕೂಗಿದರು. ದರಬಾರಿನ ಪಟ್ಟೇವಾಲಾ ಸಿದ್ದಪ್ಪ ಅರಗಿನ ಕಡ್ಡಿ, ಮುದ್ರೆ, ಸುತಳಿ ಹಿಡಿದು ಮೇಲೆ ಬಂದ. ಮೊದಲ ಪೆಟ್ಟಿಗೆಗೆ ಸುತಳಿ ಬಿಗಿದು, ದೀಪಕ್ಕೆ ಅರಗು ಹಿಡಿದ. ಕೆಂಪು ಹನಿಗಳು ತೊಟ್ಟಿಕ್ಕಿದವು. ಮುದ್ರೆ ಒತ್ತಿದ. ಎರಡನೆಯದಕ್ಕೂ ಒತ್ತಿದ. ಸರು ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಹೇಳಿದರೆ ಕಾಕಾ ಕೇಳುತ್ತಾನೆ: ಅಣ್ಣ ಕುಡಿದು ಹೊಗಳಿದನಲ್ಲ, ಅವನಿಗೆ ಯಾಕೆ ಹತ್ತಲಿಲ್ಲ? ಹೇಳದಿದ್ದರೆ ನಾಳೆಗೆ ಅಪ್ಪನ ಹೆಸರು ಎರಡೂ ಸಂಸ್ಥಾನಗಳಲ್ಲಿ ಮಣ್ಣು. ಸಿದ್ದಪ್ಪ ಮೂರನೆಯ ಪೆಟ್ಟಿಗೆಗೆ ಸುತಳಿ ಸುತ್ತಿದ. ಅರಗಿನ ತುದಿ ದೀಪದಲ್ಲಿ ಮೆತ್ತಗಾಗತೊಡಗಿತು.

ಅವಳು ಹೊರಗೆ ಬಂದಳು. ಯಾವಾಗ ಬಂದಳೋ ಅವಳಿಗೇ ತಿಳಿಯಲಿಲ್ಲ.

"ಅಪ್ಪಾ, ನಂದ ತಪ್ಪಾಗೇತ್ರಿ" ಎಂದಳು. ನೆಲ ನೋಡುತ್ತಲೇ ಹೇಳಿದಳು. "ಅಡಗಿ ಮನಿ ಚಮಚಾ ತಂದಿದ್ದೆ. ಅರಿಷಿಣದ್ದು. ಮೂರನೇ ಬಟ್ಟಲದಾಗ ಅರಿಷಿಣಾ ಬಿದ್ದೈತಿ."

ಅಪ್ಪನಿಗೆ ಇಷ್ಟು ಸಾಕು, ಪೆಟ್ಟಿಗೆ ತಡೆಯುತ್ತಾನೆ ಎಂದುಕೊಂಡಿದ್ದಳು. ಆದರೆ ಮೊದಲು ಮಾತಾಡಿದವರು ಬಾಪೂಸಾಹೇಬರು.

"ಅಷ್ಟ ಏನು? ಬಟ್ಟಲಾ ಚೆಲ್ಲು. ಪೆಟಗಿಗೆ ಏನಾಗೇತಿ? ಸಿದ್ದಪ್ಪಾ, ಹಾಕು ಮುದ್ರಿ." ಆಮೇಲೆ ಅವರ ಹುಬ್ಬು ಕೂಡಿತು. "ಆದ್ರ ಗುರುಸಿದ್ಧಪ್ಪಾ, ನೀವು ಅದನ್ನ ಕುಡದ್ರಲ್ಲಾ. ನಿಮಗ ವಾಸನಿ ಹತ್ತಲಿಲ್ಲೇನು?"

ದೀಪದಲ್ಲಿ ಅರಗು ಚರಚರ ಎಂದಿತು. ಬಾಳಪ್ಪ ಗೋಡೆ ಬಿಟ್ಟು ನೆಟ್ಟಗೆ ಕುಳಿತ. ತಾನೇ ಅಪ್ಪನನ್ನು ಹಿಡಿದುಕೊಟ್ಟೆ ಎಂದು ಸರುಗೆ ಹೊಳೆದದ್ದು ಆಗ.

ಗುರುಸಿದ್ಧಪ್ಪ ಮಗಳ ಕಡೆ ನೋಡಿದ. ಅವಳು ಪೆಟ್ಟಿಗೆಯ ಕಡೆ ನೋಡಿದಳು. ಅವನ ಕಣ್ಣು ಅವಳ ಕಣ್ಣಿನ ಹಿಂದೆಯೇ ಹೋಗಿ ಪೆಟ್ಟಿಗೆಯ ತಳದ ಹಳದಿ ಗೀಟಿನ ಮೇಲೆ ನಿಂತಿತು. ಅವನ ಮುಖದಿಂದ ಬಣ್ಣ ಇಳಿಯಿತು. ತಪ್ಪಿಸಿಕೊಳ್ಳಲು ಇನ್ನೂ ದಾರಿ ಇತ್ತು: 'ಹತ್ತಿತ್ತು, ಹುಡುಗಿ ನಾಚೀತಂತ ಸುಮ್ಮನಾದೆ' ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಪೆಟ್ಟಿಗೆ ಮುದ್ರೆ ಬಿದ್ದು ಗಾಡಿ ಹತ್ತುತ್ತಿತ್ತು.

"ಅರಗ ತಡೀರಿ" ಎಂದ.

ಸಿದ್ದಪ್ಪನ ಕೈ ನಿಂತಿತು.

"ಚಮಚಾ ಅಲ್ರಿ. ಪೆಟಗಿನ ಕೆಟ್ಟೈತಿ. ಸುಣ್ಣಾ ಹೊಡ್ಸುವಾಗ ಅರಿಷಿಣದ ಕೋಣ್ಯಾಗ ನಾನ ಇಡಿಸಿದ್ದೆ. ಮಗಳು ನನ್ನ ಸಲುವಾಗಿ ಸುಳ್ಳ ಹೇಳಿದ್ಲು." ಸ್ವಲ್ಪ ತಡೆದ. "ನನಗ ಹತ್ತಂಗಿಲ್ಲ. ಮಳಿಗಾಲದಾಗ ಜ್ವರಾ ಬಂದಾಗ ಮೂಗು ಹೋತು. ಆಗಿಂದ ಏನೂ ಬರಂಗಿಲ್ಲ."

ಬಾಳಪ್ಪ ಎದ್ದು ಬಂದು ಬಟ್ಟಲನ್ನು ಎತ್ತಿ ಮೂಸಿದ. ಮತ್ತೆ ಮೂಸಿದ. "ನನಗೂ ಹತ್ತವಲ್ದಲ್ಲ" ಎಂದ.

"ಮೀನಿಗೆ ನೀರಿನ ವಾಸನಿ ಏನ ಹತ್ತೀತು?" ಎಂದ ಗುರುಸಿದ್ಧಪ್ಪ. ಹಾಸ್ಯದ ಮಾತು, ಆದರೆ ದನಿ ಒಣಗಿತ್ತು.

ಬಾಪೂಸಾಹೇಬರು ಮುದ್ರೆ ಬಿದ್ದ ಎರಡು ಪೆಟ್ಟಿಗೆಗಳನ್ನು ನೋಡಿದರು. ಆಮೇಲೆ ಸರುವಿನ ಕಡೆ ತಿರುಗಿದರು. "ತಂಗಿ, ಇನ್ನ ಸುಳ್ಳ ಬ್ಯಾಡ. ಮೊದಲಿನ ಎರಡರ ಬಗ್ಗೆ ನಿಮ್ಮ ಅಪ್ಪ ಹೇಳಿದ್ದು ಖರೇ ಏನು?"

ಹೌದು ಎಂದುಬಿಟ್ಟರೆ ಆಗುತ್ತಿತ್ತು. ಅಪ್ಪ ತನ್ನ ಕೈಗಳನ್ನು ನೋಡುತ್ತ ಕುಳಿತಿದ್ದ. ಅವಳ ದನಿ ಬಹಳ ಸಣ್ಣಗೆ ಹೊರಟಿತು.

"ಮೊದಲಿಂದು ಖರೇರಿ. ಎರಡನೇದ್ರಾಗ ಕಿತ್ತಳಿ ವಾಸನಿ ಅಪ್ಪ ಹೇಳಿದಷ್ಟ ಇಲ್ರಿ. ಹ್ವಾದ ವರ್ಷದ್ದಕ್ಕ ಇತ್ತು, ಇದಕ್ಕ ಕಡಿಮಿ. ಆದ್ರ ಕೆಟ್ಟಿಲ್ರಿ, ಸ್ವಚ್ಛ ಐತಿ. ಸಾಹೇಬ್ರ ಪಂಕ್ತಿಗೆ ನಡೀತೈತಿ."

"ಮೂರನೇದು?"

"ಅದು ಹೋತ್ರಿ."

ಅವರು ತಲೆ ಆಡಿಸಿ ಎದ್ದರು. ಎರಡು ಪೆಟ್ಟಿಗೆ ಇಳಿಸಲು ಸಿದ್ದಪ್ಪನಿಗೆ ಹೇಳಿದರು. ಬಾಗಿಲಲ್ಲಿ ನಿಂತು ಗುರುಸಿದ್ಧಪ್ಪನಿಗೆ ಅಂದರು: "ಮೂರನೇದಕ್ಕ ಸಾಂಗ್ಲ್ಯಾಗ ಏನರೆ ಮಾಡ್ತೇನಿ. ನಾ ಸಿಟ್ಟಾಗಿಲ್ಲ. ಆದ್ರ ನೀವು ಇದನ್ನ ಮೊದಲ ಹೇಳಬೇಕಿತ್ತು. ನಾ ನಂಬಿ ಬಂದಿದ್ದೆ." ಅಷ್ಟೇ. ಟಾಂಗಾ ನಿಲ್ದಾಣದ ಕಡೆ ಹೋದ ಸದ್ದು ಕೇಳಿಸಿತು.

ಗುರುಸಿದ್ಧಪ್ಪ ಸೊಂಟದಿಂದ ಬೀಗದ ಕೈ ತೆಗೆದು ತಮ್ಮನ ಮುಂದೆ ಜಮಖಾನೆಯ ಮೇಲೆ ಇಟ್ಟ. "ಮಾತಂದ್ರ ಮಾತು. ಮ್ಯಾಲಿನ ಮಾಡಿ ನಿಂದು."

ಬಾಳಪ್ಪ ಅದನ್ನು ಮುಟ್ಟಲಿಲ್ಲ. "ಇಷ್ಟ ದಿನಾ ನಮಗೂ ಹೇಳಲಿಲ್ಲಲ್ರೀ" ಎಂದ. ಗೆದ್ದವನ ದನಿ ಅಲ್ಲ ಅದು. "ಮಳಿಗಾಲದಿಂದ. ಒಂದ ಮನ್ಯಾಗ ಉಣ್ತೀವಿ."

"ಹೇಳಿದ್ರ ನೀ ಮಾಡಿ ಕೇಳ್ತಿದ್ದಿ."

"ಕೇಳ್ತಿದ್ದೆ" ಎಂದು ಬಾಳಪ್ಪ ಒಪ್ಪಿಕೊಂಡ. "ಈಗೂ ಕೇಳಾಂವ. ಈ ಕಾರಭಾರಿ ಇವತ್ತು ಸಾಂಗ್ಲಿಗೆ ಹೋಗಿ ನಾಕ ಮಂದಿಗೆ ಹೇಳ್ತಾನ, ನಾಳೆ ಪೇಟಿಗೆಲ್ಲಾ ಗೊತ್ತಾಗತೈತಿ. ಮೂಗಿಲ್ಲದಾಂವನ ಹಂತ್ಯಾಕ ಚಾ ಯಾರ ತಗೋತಾರ?"

"ಕಾಕಾ" ಎಂದಳು ಸರು. ಇಬ್ಬರೂ ತಿರುಗಿ ನೋಡಿದರು. "ನನಗ ಬರ್ತೈತ್ರಿ."

"ಗೊತ್ತಾತವಾ ಅದು. ಇಷ್ಟ ದಿನಾ ಪರದೆ ಹಿಂದಿನ ಮೂಗಿನಮ್ಯಾಲ ಅಂಗಡಿ ನಡದೈತಿ. ಇನ್ನ ಅದು ನಡಿಯಂಗಿಲ್ಲ. ನಾಳಿಂದ ಗಾದಿ ಮ್ಯಾಲ ಯಾರ ಮೂಗೈತಿ ಅವರ ಕುಂದರಬೇಕು, ಮಂದಿ ಮುಂದ, ಬಾಯಿಬಿಟ್ಟು ಮಾತಾಡಬೇಕು. ಕುಂದರ್ತೀ ಏನು? ಉಸ್ತಾದ ಬರ್ತಾನ, ಗಾರ್ಡ ಬರ್ತಾನ, ಪೋಲಿ ಹುಡುಗ್ರೂ ಬರ್ತಾರ. ಅಂಗಡ್ಯಾಗ ಕುಂತ ಹುಡುಗಿನ್ನ ಕೇಳಾಕ ಯಾವ ಬೀಗರೂ ಬರಂಗಿಲ್ಲ. ಅದನ್ನೂ ಈಗ ಹೇಳ್ತೇನಿ."

"ಬಾಳೂ, ಸಾಕ ಮಾಡು" ಎಂದ ಗುರುಸಿದ್ಧಪ್ಪ. "ಅಕಿಗೆ ಆಗೂದಿಲ್ಲ. ಬೀಗದಕೈ ತಗೋ."

ಸರು ಬೀಗದ ಕೈಯನ್ನು ನೋಡಿದಳು. ಅಷ್ಟು ಗಂಡಸರ ಕಣ್ಣು ಒಟ್ಟಿಗೆ ತನ್ನ ಮೇಲೆ ಬೀಳುವುದನ್ನು ನೆನೆದರೇ ಅಂಗೈ ಬೆವೆತಿತು. ಕೆಳಗೆ ಚೀಲಗಳ ನಡುವೆ ಅಪ್ಪ ಕುಳಿತದ್ದನ್ನೂ ನೆನೆದಳು. ಅವಳು ಬಾಗಿ ಬೀಗದ ಕೈ ಎತ್ತಿಕೊಂಡಳು. ಬಾಳಪ್ಪ ಅವಳನ್ನು ನೋಡಿದ, ಅಣ್ಣನನ್ನು ನೋಡಿದ, ರುಮಾಲು ತೆಗೆದು ತಲೆ ಕೆರೆದುಕೊಂಡ.

"ದಸರಾ ತನಕ ನೋಡ್ತೇನಿ" ಎಂದು ಇಳಿದು ಹೋದ.

ಮರುದಿನ ಬೆಳಿಗ್ಗೆ ಅವಳು ಪರದೆಯನ್ನು ಕಟ್ಟಿ ಮೇಲೆತ್ತಿದಳು. ಗಾದಿಯ ತುದಿಯಲ್ಲಿ, ಬೀಳುವವಳ ಹಾಗೆ ಕುಳಿತಳು. ಶೇಗಡಿಯ ಮುಂದೆ ಅಪ್ಪ ಕುಳಿತ. ನೀರು ಕಾಯಿಸಿ ರೂಢಿಯಿಲ್ಲದ ಅವನು ಕೆಂಡವನ್ನು ಅತಿಯಾಗಿ ಊದಿ ಮೈಮೇಲೆಲ್ಲ ಬೂದಿ ಮಾಡಿಕೊಂಡಿದ್ದ. ಬಹಳ ಹೊತ್ತು ಯಾರೂ ಬರಲಿಲ್ಲ. ಎದುರಿನ ಓಣಿಯವರಿಬ್ಬರು ಮೆಟ್ಟಿಲ ತನಕ ಬಂದು, ತಮ್ಮಲ್ಲೇ ಏನೋ ಅಂದು ನಕ್ಕು ಹೊರಟುಹೋದರು. ಸುದ್ದಿ ಹಬ್ಬಿತ್ತು.

ಆಮೇಲೆ ಮೆಟ್ಟಿಲು ಕಿರುಗುಟ್ಟಿತು. ನೆಲ ನೋಡುತ್ತಿದ್ದವಳಿಗೆ ಮೊದಲು ಪಾದಗಳು ಕಂಡವು, ಕಟ್ಟಿಗೆಯ ಹೊಟ್ಟು ಮೆತ್ತಿದ ಪಾದಗಳು: ಸಿತಾರ ಮಾಡುವ ಮುದುಕ ಉಸ್ತಾದರು. ಅವರು ಬಾಗಿಲಲ್ಲೇ ನಿಂತು, ಗಾದಿಯ ಮೇಲಿದ್ದವಳನ್ನು ಕಂಡು ಕಕ್ಕಾಬಿಕ್ಕಿಯಾದರು.

"ಗುರುಸಿದ್ಧಪ್ಪ ಇಲ್ಲೇನು?"

ಸರು ಅಪ್ಪನ ಕಡೆ ನೋಡಿದಳು. ಅವನು ಮೂಲೆಯಲ್ಲಿ, ಹೊಗೆಯ ನಡುವೆ ಬಾಗಿ ಬೆಂಕಿ ಊದುತ್ತಿದ್ದ. ಬೇಕೆಂದೇ ತಲೆ ಎತ್ತಲಿಲ್ಲ. ಉಸ್ತಾದರ ಒಂದು ಕಾಲು ಹೊಸಿಲಿನ ಆಚೆ, ಒಂದು ಈಚೆ ಇತ್ತು.

"ಇಲ್ಲೇ ಅದಾರ್ರಿ" ಎಂದಳು. ಒಂದು ಬಟ್ಟಲನ್ನು ಮುಂದೆ ಇಟ್ಟಳು. "ಅಪ್ಪಗ ವಾಸನಿ ಬರಂಗಿಲ್ರಿ. ನನಗ ಬರ್ತೈತಿ. ಕುಂದ್ರಿ, ನೀರ ಕಾಯಾಕತ್ತೇತಿ."

ಉಸ್ತಾದರು ಅವಳನ್ನೂ ಶೇಗಡಿಯನ್ನೂ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೊಸಿಲು ದಾಟಿ ಬಂದು ಕುಳಿತರು.